ಸ್ಪೆಕ್ಟ್ರೋಗ್ರಾಮ್‌ನಲ್ಲಿ ಬಣ್ಣ ಹೊಂದಿಸುವ, ಗುರುತು ಹಾಕುವ ಕ್ರಮ: ಗೋಳಗುಮ್ಮಟದ ಒಂದು ಚಪ್ಪಾಳೆಯಿಂದ ಕಲಿತದ್ದು

ವಿಜಯಪುರದ ನಮ್ಮ ಕಾಲೇಜಿನ ಬಿ.ಎಸ್ಸಿ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು ಒಂದು ದಿನ ಎರಡು ಚಿತ್ರಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಹೊಡೆದ ಒಂದೇ ಚಪ್ಪಾಳೆಯ ಸ್ಪೆಕ್ಟ್ರೋಗ್ರಾಮ್‌ಗಳು ಅವು, ಅಂದರೆ ಯಾವ ಕ್ಷಣದಲ್ಲಿ ಯಾವ ಆವೃತ್ತಿ (ಸದ್ದಿನ ಕಂಪನದ ವೇಗ, ಫ್ರೀಕ್ವೆನ್ಸಿ) ಎಷ್ಟು ಬಲವಾಗಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರಗಳು. ಒಂದರಲ್ಲಿ ಮೂರು ಪ್ರತಿಧ್ವನಿಗಳಿಗೆ ಗುರುತು ಹಾಕಲಾಗಿತ್ತು, ಇನ್ನೊಂದರಲ್ಲಿ ಏಳಕ್ಕೆ. ಕಡತ ಒಂದೇ, ತಂತ್ರಾಂಶವೂ ಒಂದೇ. ಅಷ್ಟೇ ಆಗಿದ್ದರೆ ಒಬ್ಬರು ಸರಿಯಾಗಿ ನೋಡಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇಬ್ಬರಿಗೂ ಕಂಡಿದ್ದ ಮೊದಲ ಪ್ರತಿಧ್ವನಿಯ ಗುರುತು ಕೂಡ ಒಂದೇ ಜಾಗದಲ್ಲಿರಲಿಲ್ಲ. ಎರಡರ ನಡುವೆ ಹದಿನೈದು ಮಿಲಿಸೆಕೆಂಡಿಗೂ ಹೆಚ್ಚು ಅಂತರವಿತ್ತು. "ಸರ್, ಇದರಾಗ ಯಾವುದು ಖರೇ ರೀ?" ಎಂದು ಕೇಳಿದಾಗ ನಾನು ಉತ್ತರಿಸುವ ಬದಲು ಇಬ್ಬರ ಸೆಟ್ಟಿಂಗ್‌ಗಳನ್ನೂ ತೆರೆಸಿ ನೋಡಿದೆ. ಒಬ್ಬಳು ಬಣ್ಣದ ವ್ಯಾಪ್ತಿಯನ್ನು, ಅಂದರೆ ಬಣ್ಣಗಳು ತೋರಿಸುವ ಸದ್ದಿನ ಮಟ್ಟಗಳ ಹರಹನ್ನು, 30 ಡೆಸಿಬಲ್‌ಗೆ ಇಳಿಸಿದ್ದಳು. ಇನ್ನೊಬ್ಬ ತಂತ್ರಾಂಶ ಕೊಟ್ಟದ್ದನ್ನು ಮುಟ್ಟದೆ 80ರಲ್ಲೇ ಬಿಟ್ಟಿದ್ದ.

ಬಣ್ಣ ಚಿತ್ರದ ಅಲಂಕಾರಕ್ಕೆ, ಗುರುತು ಅಳತೆಗೆ ಎಂದು ಇವೆರಡನ್ನೂ ಬೇರೆ ಬೇರೆ ಕೆಲಸಗಳಂತೆ ಕಲಿಸುವುದು ವಾಡಿಕೆ. ನಾನೂ ಹಾಗೆಯೇ ಕಲಿಸುತ್ತಿದ್ದೆ. ಆ ಮಧ್ಯಾಹ್ನದ ನಂತರ ಕಲಿಸುವ ಕ್ರಮವನ್ನು ಬದಲಿಸಿದೆ, ಏಕೆಂದರೆ ಗುರುತನ್ನು ನಾವು ಹಾಕುವುದು ಕಣ್ಣಿಗೆ ಕಾಣುವ ಬಣ್ಣದ ಅಂಚಿಗೆ, ಮತ್ತು ಆ ಅಂಚು ಎಲ್ಲಿ ಕಾಣಿಸಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಬಣ್ಣದ ಹೊಂದಾಣಿಕೆ. ಈ ಲೇಖನದಲ್ಲಿ ಆ ಕ್ರಮವನ್ನು ಹಂತಹಂತವಾಗಿ ವಿವರಿಸಿದ್ದೇನೆ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದ ಮೂರನೆಯ ಸರಣಿಯನ್ನು ಮುಖ್ಯವಾಗಿ ಬಳಸಿದ್ದೇನೆ. ಸೋನಿಕ್ ವಿಷುವಲೈಸರ್ ಎಂಬ ಇನ್ನೊಂದು ಉಚಿತ ತಂತ್ರಾಂಶದ ವಿಷಯ ಕೊನೆಯ ಭಾಗದಲ್ಲಿ ಬರುತ್ತದೆ.

ಮೊದಲು ಧ್ವನಿಮುದ್ರಣ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಮೂರು ಸಂಗತಿಗಳನ್ನು ಬಿಡುವಂತಿಲ್ಲ. ಫೋನಿನ ರೆಕಾರ್ಡರ್‌ಗಳಲ್ಲಿ ಸದ್ದು ಕಡಿಮೆಯಾದಾಗ ತಾನೇ ಮಟ್ಟ ಏರಿಸುವ ವ್ಯವಸ್ಥೆ ಮತ್ತು ಹಿನ್ನೆಲೆಯ ಗದ್ದಲವನ್ನು ಅಳಿಸುವ ವ್ಯವಸ್ಥೆ ಇರುತ್ತವೆ. ಮಾತನ್ನು ಮುದ್ರಿಸಲು ಅವು ಒಳ್ಳೆಯವು, ಆದರೆ ಪ್ರತಿಧ್ವನಿ ಕ್ರಮೇಣ ಕ್ಷೀಣಿಸುವುದನ್ನು ನೋಡಲು ಹೊರಟವರಿಗೆ ಅವೇ ಶತ್ರುಗಳು: ಮೊದಲನೆಯದು ಕ್ಷೀಣಿಸಬೇಕಾದದ್ದನ್ನು ಎತ್ತಿ ಹಿಡಿಯುತ್ತದೆ, ಎರಡನೆಯದು ಉಳಿದದ್ದನ್ನು ಕತ್ತರಿಸಿ ಹಾಕುತ್ತದೆ. ಇವೆರಡನ್ನೂ ನಿಲ್ಲಿಸಲು ಅವಕಾಶವಿರುವ ರೆಕಾರ್ಡರ್ ಆ್ಯಪ್ ಹುಡುಕಿ, ವೇವ್ ಕಡತವಾಗಿಯೇ ಉಳಿಸಿಕೊಳ್ಳಿ. ಆ ಕಡತವನ್ನು ಮೆಸೇಜ್ ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಕಳಿಸಬೇಡಿ. ಹಾಗೆ ಮಾಡಿದರೆ ಅದು ಸಂಕುಚಿತಗೊಂಡು, ಮೇಲಿನ ಆವೃತ್ತಿಗಳು ಬೋಳಾದ ಇನ್ನೊಂದು ಕಡತ ಕೈಗೆ ಬರುತ್ತದೆ. ಮೂರನೆಯದಾಗಿ, ಫೋನನ್ನು ಚಪ್ಪಾಳೆ ಹೊಡೆಯುವವರಿಂದ ಎರಡು ಹೆಜ್ಜೆ ದೂರವಿಡಿ. ತೀರಾ ಹತ್ತಿರವಿದ್ದರೆ ಅಲೆಯ ತುದಿ ಕತ್ತರಿಸಿಹೋಗಿ, ಸ್ಪೆಕ್ಟ್ರೋಗ್ರಾಮ್‌ನಲ್ಲಿ ಆ ಕ್ಷಣದಲ್ಲಿ ಮೂಲ ಸದ್ದಿನಲ್ಲಿ ಇಲ್ಲದ ಆವೃತ್ತಿಗಳೂ ಬೆಳಗುತ್ತವೆ.

ಗುಮ್ಮಟದಲ್ಲಿ ಬಾಗಿಲು ತೆರೆದ ಕೂಡಲೇ ಮೇಲೆ ಹತ್ತಿಬಿಡುವುದು ಲೇಸು. ಶಾಲಾ ಪ್ರವಾಸದ ಮಕ್ಕಳು ಬಂದ ಮೇಲೆ ಕೂಗು, ಸಿಳ್ಳೆಗಳ ನಡುವೆ ಚಪ್ಪಾಳೆಯನ್ನು ಹುಡುಕುವುದು ಕಷ್ಟ.

ಒಂದನೆಯ ಹಂತ: ಕಿಟಕಿಯ ಅಗಲ

ಬಣ್ಣದ ಲೇಖನದಲ್ಲಿ ಕಿಟಕಿಯ ಮಾತು ಮೊದಲು ಬಂದದ್ದು ಏಕೆಂದು ಓದುಗರಿಗೆ ಅನಿಸಬಹುದು. ಸ್ಪೆಕ್ಟ್ರೋಗ್ರಾಮ್ ಎಂದರೆ ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ತೆಗೆದುಕೊಂಡು, ಪ್ರತಿ ತುಂಡಿನಲ್ಲಿ ಯಾವ ಆವೃತ್ತಿ ಎಷ್ಟು ಬಲವಾಗಿದೆ ಎಂದು ಲೆಕ್ಕ ಹಾಕಿ, ಆ ಬಲವನ್ನು ಬಣ್ಣವಾಗಿ ತೋರಿಸುವ ಚಿತ್ರ. ಆ ತುಂಡಿನ ಉದ್ದವೇ 'ವಿಂಡೋ ಸೈಜ್', ಅಂದರೆ ಕಿಟಕಿಯ ಅಗಲ. ಸೆಕೆಂಡಿಗೆ 44,100 ಮಾದರಿಗಳ ಕಡತದಲ್ಲಿ 2048 ಮಾದರಿಗಳ ಕಿಟಕಿ ಸುಮಾರು 46 ಮಿಲಿಸೆಕೆಂಡಿನಷ್ಟು ಅಗಲವಿರುತ್ತದೆ, ಮತ್ತು ಆವೃತ್ತಿಯನ್ನು ಸುಮಾರು 21.5 ಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಬಿಡಿಸಿ ತೋರಿಸುತ್ತದೆ. 256ರ ಕಿಟಕಿ 6 ಮಿಲಿಸೆಕೆಂಡಿಗೂ ಕಡಿಮೆ ಅಗಲದ್ದು, ಆದರೆ ಅದರ ಆವೃತ್ತಿಯ ಮೆಟ್ಟಿಲು 172 ಹರ್ಟ್ಸ್‌ನಷ್ಟು ಒರಟು. ಸಮಯ ಸೂಕ್ಷ್ಮವಾಗಿ ಬೇಕಾದರೆ ಆವೃತ್ತಿಯ ಸೂಕ್ಷ್ಮವನ್ನು ಬಿಟ್ಟುಕೊಡಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕಿಟಕಿ ಬದಲಾದಾಗ ಬಣ್ಣಗಳೂ ಬದಲಾಗುತ್ತವೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ತಂಬೂರಿಯ ತಂತಿಯಂತೆ ಒಂದೇ ಸಮನೆ ನುಡಿಯುವ ಸ್ವರದ ಮಟ್ಟ ಯಾವ ಕಿಟಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯ ಸುಯ್ಯೆನ್ನುವ ಸದ್ದು ಎಲ್ಲ ಆವೃತ್ತಿಗಳಿಗೂ ಹರಡಿಕೊಂಡಿರುವುದರಿಂದ, ಕಿಟಕಿಯ ಅಗಲ ಇಮ್ಮಡಿಯಾದಂತೆ ಅದರ ಮಟ್ಟ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಚಪ್ಪಾಳೆಯಂತಹ ಕ್ಷಣಿಕ ಸದ್ದು ಕಿಟಕಿಯ ಬಹುಭಾಗದಲ್ಲಿ ಇರುವುದೇ ಇಲ್ಲವಾದ್ದರಿಂದ ಅದು ಪ್ರತಿ ಇಮ್ಮಡಿಗೂ ಸುಮಾರು 6 ಡೆಸಿಬಲ್ ಇಳಿಯುತ್ತದೆ. 256ರಿಂದ 2048ಕ್ಕೆ ಹೋಗುವುದೆಂದರೆ ಮೂರು ಸಲ ಇಮ್ಮಡಿಸಿದಂತೆ. ಅಷ್ಟರಲ್ಲಿ ಚಪ್ಪಾಳೆ 18 ಡೆಸಿಬಲ್, ಹಿನ್ನೆಲೆಯ ಸುಯಿಲು 9 ಡೆಸಿಬಲ್ ಕುಗ್ಗಿರುತ್ತವೆ. ಎರಡರ ನಡುವಿನ ಅಂತರವೇ 9 ಡೆಸಿಬಲ್ ಕಡಿಮೆಯಾಗಿರುತ್ತದೆ. ಹೀಗಾಗಿ ಬಣ್ಣ ಹೊಂದಿಸಿಕೊಂಡ ಮೇಲೆ ಕಿಟಕಿಯನ್ನು ಮುಟ್ಟಿದರೆ ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ ಆಗಬೇಕು.

ಮಾಡಬೇಕಾದದ್ದು ಇಷ್ಟು. ಟ್ರ್ಯಾಕ್‌ನ ಹೆಸರಿನ ಬಳಿ ಇರುವ ಮೆನು ತೆರೆದು 'ಸ್ಪೆಕ್ಟ್ರೋಗ್ರಾಮ್' ಆರಿಸಿ, ಅದೇ ಮೆನುವಿನಲ್ಲಿ 'ಸ್ಪೆಕ್ಟ್ರೋಗ್ರಾಮ್ ಸೆಟ್ಟಿಂಗ್ಸ್' ತೆರೆಯಿರಿ. ಅಲ್ಗಾರಿದಮ್ 'ಫ್ರೀಕ್ವೆನ್ಸೀಸ್' ಎಂದೂ ವಿಂಡೋ ಬಗೆ 'ಹಾನ್' ಎಂದೂ ಇರಲಿ. ಚಪ್ಪಾಳೆ, ಬಡಿತ, ಪಟಾಕಿಯಂತಹ ಸದ್ದುಗಳಿಗೆ 256 ಅಥವಾ 512, ಹಕ್ಕಿಗಳ ಕೂಗಿಗೆ 1024ರ ಆಸುಪಾಸು, ತಂಬೂರಿ ಅಥವಾ ಮೋಟಾರಿನ ಗುಂಯ್‌ಗುಡುವಿಕೆಗೆ 8192 ಎಂದು ಆರಂಭಿಸಬಹುದು. ನಮ್ಮ ಚಪ್ಪಾಳೆಗೆ 256 ಇಟ್ಟುಕೊಂಡೆವು.

ಎರಡನೆಯ ಹಂತ: ತಳ ಮತ್ತು ತುದಿ

ಬಣ್ಣದ ಪಟ್ಟಿ ಯಾವುದೇ ಇರಲಿ, ಅದಕ್ಕೆ ಎರಡು ಅಂಚುಗಳಿರುತ್ತವೆ. ಯಾವ ಮಟ್ಟಕ್ಕಿಂತ ಕೆಳಗಿನದೆಲ್ಲ ಒಂದೇ ಬಣ್ಣವಾಗಿ ಮುಳುಗಿಹೋಗುತ್ತದೆಯೋ ಅದು ತಳ. ಯಾವ ಮಟ್ಟಕ್ಕಿಂತ ಮೇಲಿನದೆಲ್ಲ ಒಂದೇ ಬಣ್ಣವಾಗಿ ಉರಿಯುತ್ತದೆಯೋ ಅದು ತುದಿ. ಆಡಾಸಿಟಿ ಇವನ್ನು ನೇರವಾಗಿ ಕೇಳದೆ 'ಗೇನ್' ಮತ್ತು 'ರೇಂಜ್' ಎಂಬ ಎರಡು ಅಂಕಿಗಳ ಮೂಲಕ ಕೇಳುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಒಮ್ಮೆ ಅರ್ಥವಾದರೆ ಲೆಕ್ಕ ಬಲು ಸುಲಭ: ಗೇನ್‌ನ ಅಂಕಿಗೆ ಮೈನಸ್ ಹಾಕಿದರೆ ತುದಿ, ಗೇನ್ ಮತ್ತು ರೇಂಜ್ ಕೂಡಿಸಿ ಮೈನಸ್ ಹಾಕಿದರೆ ತಳ. ತಂತ್ರಾಂಶದೊಂದಿಗೆ ಬರುವ ಅಂಕಿಗಳು ಗೇನ್ 20, ರೇಂಜ್ 80. ಅಂದರೆ ಚಿತ್ರದ ಬಣ್ಣಗಳು ಮೈನಸ್ 20ರಿಂದ ಮೈನಸ್ 100 ಡೆಸಿಬಲ್‌ವರೆಗೆ ಹರಡಿಕೊಂಡಿವೆ ಎಂದರ್ಥ (ಕಡತ ಹಿಡಿಯಬಲ್ಲ ಅತಿ ಜೋರಾದ ಮಟ್ಟ ಸೊನ್ನೆ, ಅದಕ್ಕಿಂತ ಕ್ಷೀಣವಾದದ್ದೆಲ್ಲ ಮೈನಸ್). ಗೇನ್ ಹೆಚ್ಚಿಸಿದರೆ ಚಿತ್ರ ಬೆಳಗುತ್ತದೆ, ಆದರೆ ಧ್ವನಿ ಜೋರಾಗುವುದಿಲ್ಲ. ಕಡತಕ್ಕೆ ಇದರಿಂದ ಏನೂ ಆಗುವುದಿಲ್ಲ.

ತಳವನ್ನು ಊಹೆಯಿಂದ ಇಡಬೇಡಿ. ಧ್ವನಿಮುದ್ರಣದಲ್ಲಿ ಚಪ್ಪಾಳೆಗೆ ಮುಂಚಿನ ಒಂದೆರಡು ಸೆಕೆಂಡಿನ ಮೌನವನ್ನು ಆಯ್ದುಕೊಳ್ಳಿ. 'ಅನಲೈಜ್' ಮೆನುವಿನಲ್ಲಿ 'ಪ್ಲಾಟ್ ಸ್ಪೆಕ್ಟ್ರಮ್' ತೆರೆದು, ಅಲ್ಲಿಯೂ ಸೈಜ್ 256 ಎಂದೇ ಇಡಿ. ಬೇರೆ ಸೈಜ್ ಇಟ್ಟರೆ ಮೇಲೆ ಹೇಳಿದ ಕಾರಣಕ್ಕೆ ಮಟ್ಟ ಹೊಂದುವುದಿಲ್ಲ. ನಿಮಗೆ ಬೇಕಾದ ಆವೃತ್ತಿಗಳಲ್ಲಿ, ಚಪ್ಪಾಳೆಗಾದರೆ 1ರಿಂದ 6 ಕಿಲೋಹರ್ಟ್ಸ್ ನಡುವೆ, ಗೆರೆ ಯಾವ ಮಟ್ಟದಲ್ಲಿದೆ ನೋಡಿ. ನಮ್ಮ ಕಡತದಲ್ಲಿ ಅದು ಮೈನಸ್ 85ರ ಸುತ್ತಮುತ್ತ ಇತ್ತು. ಆ ಮಟ್ಟಕ್ಕಿಂತ 5 ಡೆಸಿಬಲ್ ಮೇಲೆ, ಅಂದರೆ ಮೈನಸ್ 80ರಲ್ಲಿ ತಳವನ್ನು ಇಟ್ಟರೆ ಗದ್ದಲದ ಬಹುಭಾಗ ಕತ್ತಲಲ್ಲಿ ಮುಳುಗುತ್ತದೆ, ಅದರ ಮೇಲೆ ತಲೆಯೆತ್ತಿದ್ದು ಮಾತ್ರ ಕಾಣುತ್ತದೆ. ಗದ್ದಲದ ಕೆಲವು ಚುಕ್ಕೆಗಳು ಅಲ್ಲಲ್ಲಿ ಉಳಿದುಕೊಂಡರೆ ಗಾಬರಿಯಾಗಬೇಕಿಲ್ಲ. ಚಿತ್ರ ಪೂರ್ತಿ ಸ್ವಚ್ಛವಾಗಿ ಕಾಣಲಿ ಎಂಬ ಆಸೆಯೇ ಮೊದಲ ವಿದ್ಯಾರ್ಥಿನಿಯ ಉಳಿದ ಪ್ರತಿಧ್ವನಿಗಳನ್ನು ನುಂಗಿದ್ದು: ಗೇನ್ 20, ರೇಂಜ್ 30 ಎಂದಿಟ್ಟಾಗ ತಳ ಮೈನಸ್ 50ಕ್ಕೆ ಏರಿ, ಅದಕ್ಕಿಂತ ಕ್ಷೀಣವಾದದ್ದೆಲ್ಲ ಅಳಿಸಿಹೋಗಿತ್ತು.

ಎರಡನೆಯವನ ಏಳೂ ಸರಿ ಇದ್ದವೆಂದಲ್ಲ. ತಳ ಮೈನಸ್ 100ರಲ್ಲಿ ಇದ್ದುದರಿಂದ ಅವನ ಚಿತ್ರವೆಲ್ಲ ಮಸುಕು ಮಂಜಿನಂತಿತ್ತು, ಆ ಮಂಜಿನಲ್ಲಿ ಸ್ವಲ್ಪ ದಟ್ಟವಾದದ್ದೆಲ್ಲ ಪ್ರತಿಧ್ವನಿಯಂತೆ ಕಾಣುತ್ತಿತ್ತು. ಗುಮ್ಮಟದಲ್ಲಿ ಮಾತು ಏಳು ಸಲ ಮರುಕಳಿಸುತ್ತದೆ ಎಂದು ನಮ್ಮ ಊರಿನಲ್ಲಿ ಪ್ರತಿ ಮಗುವಿಗೂ ಗೊತ್ತು. ಏಳು ಸಿಗುವವರೆಗೆ ಹುಡುಕಿದ್ದಾನೆ ಎಂದು ನನ್ನ ಗುಮಾನಿ. ಅವನ ಆರನೆಯ ಗುರುತನ್ನು ಹೆಡ್‌ಫೋನ್ ಹಾಕಿ ಕೇಳಿಸಿದಾಗ ಅದು ಪಾರಿವಾಳದ ರೆಕ್ಕೆಯ ಸದ್ದಾಗಿತ್ತು.

ತುದಿಯನ್ನು ಇಡುವ ವಿಧಾನ ಬೇರೆ. ಎಲ್ಲಕ್ಕಿಂತ ಜೋರಾದ ಜಾಗ, ಅಂದರೆ ಚಪ್ಪಾಳೆಯ ಮೊದಲ ಹೊಡೆತ, ಪಟ್ಟಿಯ ಕೊನೆಯ ಬಣ್ಣವನ್ನು ಆಗಷ್ಟೇ ಮುಟ್ಟುವಂತಿರಬೇಕು. ಗೇನ್‌ನ ಅಂಕಿಯನ್ನು ಐದೈದರಂತೆ ಬದಲಿಸುತ್ತ ಹೋಗಿ, ಆ ಹೊಡೆತ ಒಂದು ದಪ್ಪನೆಯ ಚಪ್ಪಡಿಯಾಗಿ ಕಾಣುವುದು ನಿಂತು, ನಡುವೆ ಹೊಳೆಯುವ ಒಂದು ತೆಳು ಗೆರೆಯಾಗಿ ಕಂಡಾಗ ನಿಲ್ಲಿಸಿ. ನಮಗೆ ಅದು ಗೇನ್ 30ರಲ್ಲಿ ಸಿಕ್ಕಿತು. ತುದಿ ಮೈನಸ್ 30, ತಳ ಮೈನಸ್ 80 ಆಗಬೇಕಾದರೆ ರೇಂಜ್ 50. ಈ ಎರಡು ಅಂಕಿಗಳನ್ನು ಸಿಗಿಸಿದ ಮೇಲೆ ಚಿತ್ರದಲ್ಲಿ ಐದು ಪ್ರತಿಧ್ವನಿಗಳು ಸ್ಪಷ್ಟವಾಗಿ ನಿಂತವು, ಆರನೆಯದು ಇದೆಯೋ ಇಲ್ಲವೋ ಎಂಬಂತಿತ್ತು.

ಮೂರನೆಯ ಹಂತ: ಯಾವ ಬಣ್ಣದ ಪಟ್ಟಿ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಕಾಮನಬಿಲ್ಲಿನಂತೆ ನೀಲಿಯಿಂದ ಹಸಿರು, ಹಳದಿ ದಾಟಿ ಕೆಂಪಿಗೆ ಹೋಗುವ ಪಟ್ಟಿಯನ್ನು ಅಳತೆಯ ಕೆಲಸಕ್ಕೆ ಬಳಸಲೇಬಾರದು. ಅದರಲ್ಲಿ ಬೆಳಕು ಒಂದೇ ದಿಕ್ಕಿಗೆ ಏರುವುದಿಲ್ಲ. ನಡುವಿನ ಹಳದಿ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತದೆ, ತುದಿಯ ಕಡುಗೆಂಪು ಮತ್ತೆ ಕಪ್ಪಾಗುತ್ತದೆ. ಧ್ವನಿಯ ಮಟ್ಟ ನಯವಾಗಿ ಇಳಿಯುತ್ತಿದ್ದರೂ ಹಳದಿ ಬಂದ ಜಾಗದಲ್ಲಿ ಒಂದು ಅಂಚು ಇರುವಂತೆ ಕಣ್ಣಿಗೆ ಭಾಸವಾಗುತ್ತದೆ. ವೈಜ್ಞಾನಿಕ ಚಿತ್ರಗಳಿಗೆ ಹೆಚ್ಚಾಗಿ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಸಲಕರಣೆ ಮೊದಲು 'ಜೆಟ್' ಎಂಬ ಇಂಥ ಪಟ್ಟಿಯನ್ನೇ ತಾನಾಗಿ ಕೊಡುತ್ತಿತ್ತು. 2017ರಲ್ಲಿ ಹೊರಬಂದ 2.0 ಬಿಡುಗಡೆಯಿಂದ ಅದರ ಜಾಗಕ್ಕೆ 'ವಿರಿಡಿಸ್' ಬಂದಿತು. ವಿರಿಡಿಸ್‌ನಲ್ಲಿ ಕಡುನೇರಳೆಯಿಂದ ಹಸಿರಿನ ಮೂಲಕ ಹಳದಿಯವರೆಗೆ ಬೆಳಕು ಒಂದೇ ಸಮನೆ ಏರುತ್ತದೆ. ಕೆಂಪು-ಹಸಿರು ಭೇದ ಕಾಣದವರಿಗೂ ಅದು ಓದಬಲ್ಲ ಪಟ್ಟಿ. ಒಂದು ತರಗತಿಯಲ್ಲಿ ಅಂಥ ಹುಡುಗ ಒಬ್ಬನಾದರೂ ಇರುವುದು ಅಪರೂಪವೇನಲ್ಲ, ಅವನು ಹೇಳಿಕೊಳ್ಳುವುದು ಅಪರೂಪ.

ಆಡಾಸಿಟಿಯ 'ಸ್ಕೀಮ್' ಪಟ್ಟಿಯಲ್ಲಿ 'ರೋಸಿಯಸ್' ಎಂಬುದು ಈ ಗುಣವುಳ್ಳದ್ದು: ಕಪ್ಪಿನಿಂದ ನೀಲಿ, ನೇರಳೆ, ಗುಲಾಬಿ ದಾಟಿ ತಿಳಿಬಣ್ಣದಲ್ಲಿ ಮುಗಿಯುತ್ತದೆ. 'ಕ್ಲಾಸಿಕ್' ಎಂಬ ಹಳೆಯ ಪಟ್ಟಿಯಲ್ಲಿ ಮೌನ ತೆಳುಬೂದು, ಆಮೇಲೆ ತಿಳಿನೀಲಿ, ನೇರಳೆ, ಕೆಂಪು, ಕೊನೆಗೆ ಬಿಳಿ. ಪರದೆಯ ಮೇಲೆ ನೋಡಲು ಇದು ಚೆಂದ. ಆದರೆ ಒಮ್ಮೆ ನಮ್ಮ ಹುಡುಗರು ಇದೇ ಪಟ್ಟಿಯ ಚಿತ್ರವನ್ನು ಪ್ರಾಜೆಕ್ಟ್ ವರದಿಯಲ್ಲಿ ಅಂಟಿಸಿ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ಐದು ಪ್ರತಿ ತೆಗೆಸಿ ತಂದರು. ಎಲ್ಲಕ್ಕಿಂತ ಜೋರಾದ ಜಾಗವೂ ಬೆಳ್ಳಗೆ, ಮೌನವೂ ಹೆಚ್ಚುಕಡಿಮೆ ಬೆಳ್ಳಗೆ. ನಡುವಿನ ಮಟ್ಟಗಳು ಮಾತ್ರ ಮಸಿಯಂತೆ ಕಪ್ಪಾಗಿದ್ದವು. ಚಪ್ಪಾಳೆಯ ಜಾಗದಲ್ಲಿ ಒಂದು ತೂತು ಕಾಣುತ್ತಿತ್ತು. ಕಾಗದಕ್ಕೆ ಹೋಗುವ ಚಿತ್ರವಾದರೆ ಬೂದುಬಣ್ಣದ ಎರಡು ಪಟ್ಟಿಗಳ ಪೈಕಿ ಯಾವುದರಲ್ಲಿ ಸದ್ದು ಕಪ್ಪಾಗಿ, ಮೌನ ಬಿಳುಪಾಗಿ ಬರುತ್ತದೆಯೋ ಅದನ್ನು ಆರಿಸಿ. ಝೆರಾಕ್ಸ್‌ಗೂ ಅದು ಬಾಳುತ್ತದೆ, ಶಾಯಿಯೂ ಉಳಿಯುತ್ತದೆ.

ಇದೇ ಪುಟದಲ್ಲಿರುವ 'ಹೈ ಬೂಸ್ಟ್' ಮೇಲಿನ ಆವೃತ್ತಿಗಳನ್ನು ಹೆಚ್ಚು ಬೆಳಗಿಸುತ್ತದೆ. 20 ಎಂದು ಕೊಟ್ಟರೆ ಆವೃತ್ತಿ ಹತ್ತು ಪಟ್ಟಾದಾಗಲೆಲ್ಲ 20 ಡೆಸಿಬಲ್ ಸೇರುತ್ತದೆ. ಮಿಡತೆ, ಸಣ್ಣ ಹಕ್ಕಿಗಳನ್ನು ಹುಡುಕುವಾಗ ಉಪಯುಕ್ತ. ಅಳತೆಯ ಕೆಲಸಕ್ಕೆ ಸೊನ್ನೆಯಲ್ಲೇ ಇರಲಿ, ಇಲ್ಲವಾದರೆ ಒಂದೇ ಬಣ್ಣಕ್ಕೆ ಮೇಲೊಂದು ಬೆಲೆ, ಕೆಳಗೊಂದು ಬೆಲೆ ಆಗುತ್ತದೆ. 'ಸ್ಕೇಲ್' ಲೀನಿಯರ್ ಇಟ್ಟು, ಗರಿಷ್ಠ ಆವೃತ್ತಿಯನ್ನು 8000ಕ್ಕೆ ನಿಲ್ಲಿಸಿದರೆ ಚಪ್ಪಾಳೆಗೆ ಸಾಕು.

ನಾಲ್ಕನೆಯ ಹಂತ: ಗುರುತು ಹಾಕುವುದು

ಇನ್ನು ಮುಖ್ಯ ಕೆಲಸ. ಹದಿನೈದು ಮಿಲಿಸೆಕೆಂಡಿನ ಆ ವ್ಯತ್ಯಾಸ ಎಲ್ಲಿಂದ ಬಂದಿತೆಂದು ಮೊದಲು ನೋಡೋಣ. ಹಾನ್ ಕಿಟಕಿ ನಡುವೆ ಎತ್ತರ, ಎರಡು ಬದಿಗೆ ಇಳಿಜಾರು ಇರುವ ದಿಬ್ಬದಂತೆ. ಚಪ್ಪಾಳೆಯ ಕ್ಷಣ ಆ ದಿಬ್ಬದ ಒಳಗೆ ಎಲ್ಲೇ ಬಿದ್ದರೂ ಸ್ವಲ್ಪ ಬಲ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಚಿತ್ರದಲ್ಲಿ ಚಪ್ಪಾಳೆಯ ಬಣ್ಣ ನಿಜವಾದ ಕ್ಷಣಕ್ಕಿಂತ ಅರ್ಧ ಕಿಟಕಿಯಷ್ಟು ಮುಂಚಿತವಾಗಿಯೇ ಕಾಣತೊಡಗುತ್ತದೆ, ಅಷ್ಟೇ ಹೊತ್ತು ಆಮೇಲೂ ಉಳಿಯುತ್ತದೆ. 2048ರ ಕಿಟಕಿಯಲ್ಲಿ ಅದು ಸುಮಾರು 23 ಮಿಲಿಸೆಕೆಂಡು. ಎಲ್ಲ ಗುರುತುಗಳೂ ಅಷ್ಟೇ ಮುಂಚಿತವಾಗಿ ಬಿದ್ದಿದ್ದರೆ ಅಂತರಗಳಿಗೆ ಏನೂ ಬಾಧೆಯಿರುತ್ತಿರಲಿಲ್ಲ. ಆದರೆ ತಳಕ್ಕಿಂತ 40 ಡೆಸಿಬಲ್ ಮೇಲಿರುವ ಮೂಲ ಚಪ್ಪಾಳೆ ಹೆಚ್ಚುಕಡಿಮೆ ಪೂರ್ತಿ ಅರ್ಧ ಕಿಟಕಿಯಷ್ಟು ಮುಂಚೆ ಕಾಣುತ್ತದೆ; ತಳಕ್ಕಿಂತ 5 ಡೆಸಿಬಲ್ ಮಾತ್ರ ಮೇಲಿರುವ ಕ್ಷೀಣ ಪ್ರತಿಧ್ವನಿ ದಿಬ್ಬದ ನೆತ್ತಿಯ ಹತ್ತಿರ ಮಾತ್ರ ತಲೆಯೆತ್ತುತ್ತದೆ. ಬಣ್ಣ ಆರಂಭವಾಗುವ ಅಂಚಿಗೆ ಗುರುತು ಹಾಕಿದವರಿಗೆ ಎರಡರ ನಡುವಿನ ಅಂತರ ನಿಜಕ್ಕಿಂತ ಹೆಚ್ಚು ಸಿಗುತ್ತದೆ, ಮತ್ತು ಆ ಹೆಚ್ಚಳ ತಳ ಎಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ. ನಮ್ಮ ಇಬ್ಬರೂ 2048ರ ಕಿಟಕಿಯಲ್ಲಿ, ಬೇರೆ ಬೇರೆ ತಳಗಳಲ್ಲಿ, ಅಂಚಿಗೇ ಗುರುತು ಹಾಕಿದ್ದರು.

ಹದಿನೈದು ಮಿಲಿಸೆಕೆಂಡಿನಲ್ಲಿ ಶಬ್ದ ಐದು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವ ಆ ಗ್ಯಾಲರಿಯ ಅಗಲವೇ ಸುಮಾರು 3.25 ಮೀಟರ್.

ಆದ್ದರಿಂದ ಅಂಚಿಗೆ ಗುರುತು ಹಾಕದೆ, ಅತಿ ಹೆಚ್ಚು ಬೆಳಗುವ ಗೆರೆಗೆ, ಅಂದರೆ ದಿಬ್ಬದ ನೆತ್ತಿಗೆ ಹಾಕಬೇಕು. ತಳ ಏರಿದರೂ ಇಳಿದರೂ ನೆತ್ತಿ ಸರಿಯುವುದಿಲ್ಲ. ತುದಿ ಸರಿಯಾಗಿರಬೇಕೆಂದು ಎರಡನೆಯ ಹಂತದಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ: ತುದಿ ತೀರಾ ಕೆಳಗಿದ್ದರೆ ನೆತ್ತಿ ಚಪ್ಪಡಿಯಾಗಿಬಿಡುತ್ತದೆ, ಅದರಲ್ಲಿ ನಡು ಯಾವುದೆಂದು ಹುಡುಕುವುದು ಊಹೆಯ ಮಾತಾಗುತ್ತದೆ.

ಮಾಡುವ ಬಗೆ ಹೀಗೆ. ಟ್ರ್ಯಾಕ್ ಮೆನುವಿನಲ್ಲಿ 'ಮಲ್ಟಿ-ವ್ಯೂ' ಆರಿಸಿದರೆ ಮೇಲೆ ಅಲೆಯೂ ಕೆಳಗೆ ಸ್ಪೆಕ್ಟ್ರೋಗ್ರಾಮ್ ಕೂಡ ಒಟ್ಟಿಗೆ ಕಾಣುತ್ತವೆ. ಪ್ರತಿಧ್ವನಿ ಇರುವ ಜಾಗವನ್ನು ಸ್ಪೆಕ್ಟ್ರೋಗ್ರಾಮ್‌ನಲ್ಲಿ ಗುರುತಿಸಿ, ಸಾಕಷ್ಟು ಹಿಗ್ಗಿಸಿ, ನೆತ್ತಿಯ ಮೇಲೆ ಕ್ಲಿಕ್ ಮಾಡಿ, ಆಮೇಲೆ ಮೇಲಿನ ಅಲೆಯಲ್ಲಿ ಅದೇ ಜಾಗದಲ್ಲಿ ಏರಿಳಿತ ಹೆಚ್ಚಾಗಿದೆಯೇ ಎಂದು ತಾಳೆ ನೋಡಿ. ಮೂಲ ಚಪ್ಪಾಳೆಗೂ ಮೊದಲ ಪ್ರತಿಧ್ವನಿಗೂ ಅಲೆಯೇ ಸಾಕಾಗಬಹುದು. ಮೂರನೆಯದರ ನಂತರ ಅಲೆಯಲ್ಲಿ ಏನೂ ಕಾಣದು, ಸ್ಪೆಕ್ಟ್ರೋಗ್ರಾಮ್ ಒಂದೇ ದಾರಿ. ಜಾಗ ಖಚಿತವಾದ ಮೇಲೆ ಕಂಟ್ರೋಲ್ ಕೀಲಿಯೊಂದಿಗೆ 'ಬಿ' ಒತ್ತಿದರೆ ಕೆಳಗೆ ಲೇಬಲ್ ಟ್ರ್ಯಾಕ್ ತೆರೆದುಕೊಂಡು ಹೆಸರು ಬರೆಯಲು ಜಾಗ ಸಿಗುತ್ತದೆ. ಧ್ವನಿ ನುಡಿಯುತ್ತಿರುವಾಗಲೇ ಗುರುತು ಹಾಕಬೇಕಾದರೆ ಕಂಟ್ರೋಲ್ ಮತ್ತು 'ಎಮ್'. ಆದರೆ ಬೆರಳು ಕಿವಿಗಿಂತ ತಡ. ಹಾಗೆ ಹಾಕಿದ್ದನ್ನು ಒರಟು ಗುರುತೆಂದೇ ತಿಳಿದು ಆಮೇಲೆ ಎಳೆದು ಸರಿಪಡಿಸಿಕೊಳ್ಳಿ. ಒಂದು ಕ್ಷಣಕ್ಕೆ ಬದಲಾಗಿ ಒಂದು ಅವಧಿಯನ್ನು ಆಯ್ದು ಅದೇ ಕೀಲಿ ಒತ್ತಿದರೆ ಎರಡು ತುದಿಗಳುಳ್ಳ ಲೇಬಲ್ ಆಗುತ್ತದೆ. ಹಕ್ಕಿಯ ಕೂಗಿಗೆ ಅದು ಬೇಕು, ಚಪ್ಪಾಳೆಗೆ ಬೇಡ.

ಹೆಸರು ಚಿಕ್ಕದಿರಲಿ. ಮೂಲ ಚಪ್ಪಾಳೆಗೆ 'ಚ', ಪ್ರತಿಧ್ವನಿಗಳಿಗೆ 'ಪ್ರ1', 'ಪ್ರ2' ಎಂದು ಬರೆಯುವುದು ನಮ್ಮ ರೂಢಿ. ಅನುಮಾನವಿರುವ ಗುರುತಿಗೆ ಪ್ರಶ್ನೆಚಿಹ್ನೆ ಸೇರಿಸುವುದನ್ನು ನಾನು ಕಡ್ಡಾಯ ಮಾಡಿದ್ದೇನೆ. ನಮ್ಮ ಆರನೆಯದು ಇಂದಿಗೂ 'ಪ್ರ6?' ಎಂದೇ ಇದೆ. ಸಾಧ್ಯವಾದರೆ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಗುರುತು ಹಾಕಿ, ಆಮೇಲೆ ಹೋಲಿಸಿ ನೋಡಬೇಕು. ಈ ಸಲ ನಮ್ಮ ಇಬ್ಬರ ವ್ಯತ್ಯಾಸ 3 ಮಿಲಿಸೆಕೆಂಡಿನೊಳಗೆ ಬಂದಿತು, ಅಂದರೆ ಅರ್ಧ ಕಿಟಕಿಯ ಮಿತಿಯಲ್ಲೇ.

ಅಂತರಗಳನ್ನು ಓದುವುದು ಹೇಗೆಂದರೆ, ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಶಬ್ದ ಎದುರು ಗೋಡೆಗೆ ನೇರವಾಗಿ ಹೋಗಿ ಮರಳಿದರೆ 76 ಮೀಟರ್ ದಾರಿ, ಸುಮಾರು 0.22 ಸೆಕೆಂಡು. ಗೋಡೆಯ ಗುಂಟ ಒಂದು ಸುತ್ತು ಹಾಕಿ ಬಂದರೆ 119 ಮೀಟರ್, ಸುಮಾರು 0.34 ಸೆಕೆಂಡು. ಗುರುತುಗಳ ನಡುವಿನ ಅಂತರ ಯಾವುದಕ್ಕೆ ಹತ್ತಿರವಿದೆ ಎಂಬುದರಿಂದ ಶಬ್ದ ಯಾವ ದಾರಿ ಹಿಡಿದಿದೆ ಎಂದು ಊಹಿಸಬಹುದು. ಎರಡೂ ಬೆರೆತಿರುವ ಸಾಧ್ಯತೆಯೂ ಇರುವುದರಿಂದ ಒಂದೊಂದು ಅಂತರವನ್ನೂ ಬೇರೆಯಾಗಿಯೇ ನೋಡಬೇಕು. ಉಷ್ಣಾಂಶವನ್ನು ಬರೆದುಕೊಳ್ಳಲು ಮರೆಯಬೇಡಿ. 20 ಡಿಗ್ರಿಯ ಜನವರಿ ಮುಂಜಾವಿಗೂ 40 ಡಿಗ್ರಿಯ ಮೇ ಮಧ್ಯಾಹ್ನಕ್ಕೂ ಆ 0.22 ಸೆಕೆಂಡಿನಲ್ಲಿ 7 ಮಿಲಿಸೆಕೆಂಡಿನಷ್ಟು ವ್ಯತ್ಯಾಸವಾಗುತ್ತದೆ, ಅಂದರೆ ನಮ್ಮ ಕಿಟಕಿಯ ಅಗಲಕ್ಕಿಂತ ಹೆಚ್ಚು.

ತಾನೇ ಹೊಂದಿಸಿಕೊಳ್ಳುವ ಬಣ್ಣದ ಅಪಾಯ

ಆಡಾಸಿಟಿಯಲ್ಲಿ ತಳ-ತುದಿಗಳು ನಾವು ಇಟ್ಟಲ್ಲೇ ಇರುತ್ತವೆ. ಎಲ್ಲ ತಂತ್ರಾಂಶಗಳೂ ಹಾಗಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕನಿಷ್ಠ, ಗರಿಷ್ಠ ಮಟ್ಟಗಳನ್ನು ಹೇಳದಿದ್ದರೆ ಅದು ಕೊಟ್ಟ ದತ್ತಾಂಶದ ಕನಿಷ್ಠ, ಗರಿಷ್ಠಗಳನ್ನೇ ಪಟ್ಟಿಯ ಎರಡು ತುದಿಗಳಿಗೆ ಕಟ್ಟುತ್ತದೆ. ಭೂತನಾಳ ಕೆರೆಯ ಬಳಿ ಬೆಳಗಿನ ಜಾವ ಕೋಗಿಲೆಯನ್ನು ಮುದ್ರಿಸಿದಾಗ ಇದರ ಅನುಭವವಾಯಿತು. ಹತ್ತು ನಿಮಿಷದ ಕಡತವನ್ನು ಒಂದೊಂದು ನಿಮಿಷದ ಚಿತ್ರಗಳಾಗಿ ತೆಗೆದಿದ್ದೆವು. ಒಂಬತ್ತು ಚಿತ್ರಗಳಲ್ಲಿ ಕೋಗಿಲೆಯ ಏರುದನಿಯ ಕೊಕ್ಕೆಯಾಕಾರ ಚೆನ್ನಾಗಿ ಕಾಣುತ್ತಿತ್ತು, ಒಂದರಲ್ಲಿ ಮಾತ್ರ ಹಕ್ಕಿಯೇ ಇರಲಿಲ್ಲ. ಕೇಳಿದರೆ ಕೂಗು ಇದೆ! ಆ ನಿಮಿಷದಲ್ಲಿ ರಸ್ತೆಯ ಲಾರಿಯೊಂದು ಒಮ್ಮೆ ಹಾರ್ನ್ ಹೊಡೆದಿತ್ತು. ಪಟ್ಟಿಯ ತುದಿ ಹಾರ್ನ್‌ನ ಮಟ್ಟಕ್ಕೆ ಏರಿ, ಕೋಗಿಲೆ ಕಡುನೇರಳೆಯಲ್ಲಿ ಮುಳುಗಿತ್ತು. ಬಣ್ಣ ನೋಡಿ ಎಣಿಸಿದ್ದರೆ ಆ ನಿಮಿಷದ ಲೆಕ್ಕ ಸೊನ್ನೆ ಆಗುತ್ತಿತ್ತು. ಎರಡು ಚಿತ್ರಗಳನ್ನು ಹೋಲಿಸುವುದಿದ್ದರೆ ತಳ-ತುದಿಗಳನ್ನು ಕೈಯಾರೆ ಒಂದೇ ಅಂಕಿಗೆ ಕಟ್ಟಿಹಾಕಿ.

ಸೋನಿಕ್ ವಿಷುವಲೈಸರ್‌ನಲ್ಲಿ ಇದೇ ಗುಣ 'ನಾರ್ಮಲೈಜೇಶನ್' ಎಂಬ ಹೆಸರಿನಲ್ಲಿದೆ. ಹೋಲಿಕೆಗಾಗಿ ಅದನ್ನು 'ನನ್' ಎಂದಿಟ್ಟು, 'ಥ್ರೆಶೋಲ್ಡ್' ಗುಂಡಿಯನ್ನು ತಿರುಗಿಸಿ ತಳವನ್ನು ನಿಗದಿಪಡಿಸಿ. ಈ ತಂತ್ರಾಂಶದ ಹೆಚ್ಚುಗಾರಿಕೆ ಇರುವುದು ಗುರುತುಗಳಲ್ಲಿ: ಸ್ಪೆಕ್ಟ್ರೋಗ್ರಾಮ್‌ನ ಮೇಲೆಯೇ ಪಾರದರ್ಶಕ ಹಾಳೆ ಹಾಸಿದಂತೆ ಕ್ಷಣಗಳಿಗೆ ಒಂದು ಪದರ, ಅವಧಿ ಮತ್ತು ಆವೃತ್ತಿ ಎರಡನ್ನೂ ಒಳಗೊಂಡ ಚೌಕಗಳಿಗೆ ಇನ್ನೊಂದು ಪದರ ಸೇರಿಸಬಹುದು. ಪದರದ ಬಣ್ಣವನ್ನು ಆರಿಸುವಾಗ ಸ್ಪೆಕ್ಟ್ರೋಗ್ರಾಮ್‌ನ ಪಟ್ಟಿಯಲ್ಲಿ ಎಲ್ಲಿಯೂ ಬರದ ಬಣ್ಣವನ್ನೇ ತೆಗೆದುಕೊಳ್ಳಿ. ವಿರಿಡಿಸ್‌ನಂತಹ ಪಟ್ಟಿಯ ಮೇಲೆ ಹಳದಿ ಗುರುತು ಹಾಕಿದರೆ, ಯಾವ ಜಾಗದಲ್ಲಿ ಅದು ಕಾಣಬೇಕೋ ಅಲ್ಲೇ ಮಾಯವಾಗುತ್ತದೆ. ಬೂದು ಪಟ್ಟಿಯ ಮೇಲೆ ಕೆಂಪು ಗುರುತಿಗಿಂತ ಸ್ಪಷ್ಟವಾದದ್ದನ್ನು ನಾನು ಕಂಡಿಲ್ಲ.

ಕೂಗಿನ ಆವೃತ್ತಿಯ ಮಿತಿಯನ್ನೂ ಆಡಾಸಿಟಿಯಲ್ಲೇ ಗುರುತಿಸಬೇಕಾದರೆ ಸ್ಪೆಕ್ಟ್ರೋಗ್ರಾಮ್ ಸೆಟ್ಟಿಂಗ್ಸ್‌ನಲ್ಲಿ 'ಎನೇಬಲ್ ಸ್ಪೆಕ್ಟ್ರಲ್ ಸೆಲೆಕ್ಷನ್' ಟಿಕ್ ಮಾಡಿರಬೇಕು. ಆಗ ಎಳೆದ ಆಯ್ಕೆ ಚೌಕವಾಗುತ್ತದೆ, ಅದರ ಮೇಲಿನ-ಕೆಳಗಿನ ಆವೃತ್ತಿಗಳೂ ಲೇಬಲ್‌ನೊಳಗೆ ಉಳಿಯುತ್ತವೆ.

ಐದನೆಯ ಹಂತ: ಹೊರತೆಗೆದು ಇಡುವುದು

'ಫೈಲ್' ಮೆನುವಿನ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಲೇಬಲ್‌ಗಳನ್ನು ಪಠ್ಯ ಕಡತವಾಗಿ ಉಳಿಸುವ ಆಯ್ಕೆ ಇದೆ. ಪ್ರತಿ ಸಾಲಿನಲ್ಲಿ ಆರಂಭದ ಸೆಕೆಂಡು, ಕೊನೆಯ ಸೆಕೆಂಡು, ಹೆಸರು ಟ್ಯಾಬ್ ಅಂತರದಲ್ಲಿ ಬರುತ್ತವೆ. ಒಂದೇ ಕ್ಷಣದ ಗುರುತಾದರೆ ಮೊದಲ ಎರಡು ಅಂಕಿಗಳು ಒಂದೇ. ಚೌಕದ ಆಯ್ಕೆಯಿದ್ದರೆ ಅದರ ಕೆಳಗೆ ಹಿಂಬದಿಗೆ ಓರೆಯಾದ ಗೆರೆಯಿಂದ ಶುರುವಾಗುವ ಇನ್ನೊಂದು ಸಾಲು ಇರುತ್ತದೆ, ಅದರಲ್ಲಿ ಎರಡು ಆವೃತ್ತಿಗಳು. ಸ್ಪ್ರೆಡ್‌ಶೀಟ್‌ಗೆ ಒಯ್ಯುವಾಗ ಈ ಸಾಲು ಲೆಕ್ಕ ಕೆಡಿಸದಂತೆ ನೋಡಿಕೊಳ್ಳಿ.

ಲೇಬಲ್‌ಗಳ ಹೆಸರು ಕನ್ನಡದಲ್ಲಿದ್ದರೆ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. 'ಪ್ರ1' ಇದ್ದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಬಹುದು. ದತ್ತಾಂಶ ಆಮದು ಮಾಡುವ ದಾರಿಯಿಂದ ಹೋಗಿ ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿದರೆ ಅಕ್ಷರಗಳು ಸರಿಯಾಗಿ ಬರುತ್ತವೆ. ಲಿಬ್ರೆಆಫೀಸ್ ಪಠ್ಯವನ್ನು ಆಮದು ಮಾಡಿಕೊಳ್ಳುವಾಗ ಅಕ್ಷರ ಸಂಕೇತ ಆರಿಸುವ ಪೆಟ್ಟಿಗೆಯನ್ನು ತಾನೇ ತೋರಿಸುತ್ತದೆ.

ಅದೇ ಲೇಬಲ್ ಟ್ರ್ಯಾಕ್‌ನ ಆರಂಭದಲ್ಲಿ, ಸೊನ್ನೆ ಸೆಕೆಂಡಿನ ಜಾಗದಲ್ಲಿ, ನಾವು ಇನ್ನೊಂದು ಲೇಬಲ್ ಇಡುತ್ತೇವೆ. ಅದು ಯಾವ ಸದ್ದಿಗೂ ಸೇರಿದ್ದಲ್ಲ. ಅದರಲ್ಲಿ ಬರೆಯುವುದು ಹೀಗೆ: 'ಹಾನ್ 256, ಗೇನ್ 30, ರೇಂಜ್ 50, ಬೂಸ್ಟ್ 0, ರೋಸಿಯಸ್, 25 ಡಿಗ್ರಿ, ನೆತ್ತಿಗೆ ಗುರುತು'. ಲೇಬಲ್‌ಗಳನ್ನು ಹೊರತೆಗೆದಾಗ ಪಠ್ಯ ಕಡತದ ಮೊದಲ ಸಾಲಾಗಿ ಅದೂ ಜೊತೆಗೆ ಹೋಗುತ್ತದೆ, ಮುಂದಿನ ವರ್ಷದ ಹುಡುಗರು ಅದೇ ವೇವ್ ಕಡತವನ್ನು ತೆರೆದಾಗ ಈ ಅಂಕಿಗಳನ್ನೇ ತುಂಬಿಕೊಂಡು ಕೆಲಸ ಶುರುಮಾಡುತ್ತಾರೆ.